ಗಾಳದ ಬೋಟ್‌ನಲ್ಲಿ ಫಿಶ್ ಫೈಂಡರ್, ಪಂಪು, ಲೈಟುಗಳಿಗೆ ಯಾವ ಬ್ಯಾಟರಿಯಿಂದ ಕರೆಂಟ್ ಕೊಡಬೇಕು?

ಹೊಸದಾಗಿ ಫಿಶ್ ಫೈಂಡರ್ (ಸೋನಾರ್, ಅಂದರೆ ನೀರಿನೊಳಗೆ ಬಿಟ್ಟ ಸದ್ದಿನ ಪ್ರತಿಧ್ವನಿಯಿಂದ ಆಳ, ಮೀನು ತೋರಿಸುವ ಸ್ಕ್ರೀನ್) ಕೊಂಡವರು ಸಾಮಾನ್ಯವಾಗಿ ಅದರ ಕೆಂಪು, ಕಪ್ಪು ವೈರುಗಳನ್ನು ಕೈಗೆ ಸಿಕ್ಕ ಬ್ಯಾಟರಿಗೆ ಜೋಡಿಸಿಬಿಡುತ್ತಾರೆ. ಸ್ಕ್ರೀನ್ ಬೋಟಿನ ಮೂತಿಯ ಕಡೆ ಇದ್ದರೆ ಟ್ರೋಲಿಂಗ್ ಮೋಟಾರ್ (ಗಾಳ ಹಾಕುವಾಗ ಬೋಟನ್ನು ನಿಧಾನಕ್ಕೆ ನಡೆಸುವ ಕರೆಂಟ್ ಮೋಟಾರ್) ಬ್ಯಾಟರಿ ಹತ್ತಿರ. ಹಿಂದೆ ಇದ್ದರೆ ಎಂಜಿನ್ ಬ್ಯಾಟರಿ ಹತ್ತಿರ. ಸ್ಕ್ರೀನ್ ಹೊತ್ತಿಕೊಳ್ಳುತ್ತದೆ, ಆಳ ತೋರಿಸುತ್ತದೆ, ಕೆಲಸ ಮುಗಿಯಿತು ಅನಿಸುತ್ತದೆ. ತೊಂದರೆ ಕಾಣಿಸುವುದು ಆಮೇಲೆ, ದಡದಿಂದ ದೂರ ಹೋದ ಮೇಲೆ. ಸೋನಾರ್ ಚಿತ್ರದಲ್ಲಿ ಗೆರೆಗಳು ಓಡಾಡುತ್ತವೆ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಸ್ಕ್ರೀನ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಸಂಜೆ ವಾಪಸ್ ಹೊರಡುವ ಹೊತ್ತಿಗೆ ಎಂಜಿನ್ ತಿರುಗುವುದೇ ಇಲ್ಲ.

ಹಾಗಾಗಿ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಗ ಇದ್ದರೆ ಈ ಸಾಮಾನುಗಳಿಗೆ ಅಂತಲೇ ಬೇರೆ ಬ್ಯಾಟರಿ ಇಡಿ. ಜಾಗ ಇಲ್ಲದಿದ್ದರೆ, ಸಾಮಾನೂ ಕಡಿಮೆ ಇದ್ದರೆ, ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ತೆಗೆದುಕೊಳ್ಳಿ. ಅದಕ್ಕೆ ಒಂದು ಮಿತಿ ಹಾಕಿಕೊಳ್ಳಿ. ಟ್ರೋಲಿಂಗ್ ಮೋಟಾರ್ ಬ್ಯಾಟರಿಗೆ ಮಾತ್ರ ಕೈ ಹಾಕಬೇಡಿ. ಇದರಲ್ಲಿ ನಿಮ್ಮ ಬೋಟಿಗೆ ಯಾವುದು ಸರಿ ಅಂತ ತಿಳಿಯಲು ಅರ್ಧ ಗಂಟೆಯ ಲೆಕ್ಕ ಸಾಕು. ಅದನ್ನೇ ಹಂತ ಹಂತವಾಗಿ ನೋಡೋಣ.

ಹಂತ 1: ಒಂದು ದಿನಕ್ಕೆ ಎಷ್ಟು ಕರೆಂಟ್ ಬೇಕು ಅಂತ ಬರೆದುಕೊಳ್ಳಿ

ಕಾಗದ, ಪೆನ್ನು ತೆಗೆದುಕೊಳ್ಳಿ. ಬೋಟಿನಲ್ಲಿರುವ ಪ್ರತಿ ಸಾಮಾನಿನ ಹೆಸರು ಬರೆಯಿರಿ. ಅದು ಎಷ್ಟು ಆಂಪ್ ಎಳೆಯುತ್ತದೆ, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಇವೆರಡನ್ನೂ ಪಕ್ಕದಲ್ಲಿ ಬರೆಯಿರಿ. ಎರಡನ್ನೂ ಗುಣಿಸಿದರೆ ಆಂಪ್-ಅವರ್ ಸಿಗುತ್ತದೆ. ಆಂಪ್ ಎಷ್ಟು ಅನ್ನುವುದು ಆಯಾ ಸಾಮಾನಿನ ಕೈಪಿಡಿಯಲ್ಲಿ ಇರುತ್ತದೆ. ಅಲ್ಲಿ ವಾಟ್ ಮಾತ್ರ ಕೊಟ್ಟಿದ್ದರೆ 12ರಿಂದ ಭಾಗಿಸಿ.

ಅಂದಾಜಿಗೆ ಕೆಲವು ಅಂಕಿಗಳನ್ನು ಕೊಡುತ್ತೇನೆ. 7 ಇಂಚಿನ ಫಿಶ್ ಫೈಂಡರ್ ಸುಮಾರು 1 ಆಂಪ್ ಎಳೆಯುತ್ತದೆ. 9 ಇಂಚಿನದು 2ರ ಹತ್ತಿರ. 12 ಇಂಚಿನದು 3ರಿಂದ 4. ಮೀನಿನ ಓಡಾಟವನ್ನು ಆ ಕ್ಷಣದಲ್ಲೇ ತೋರಿಸುವ ಲೈವ್ ಸೋನಾರ್ ಇದ್ದರೆ ಅದರ ಪೆಟ್ಟಿಗೆಗೆ ಇನ್ನೂ 2ರಿಂದ 4 ಆಂಪ್ ಸೇರಿಸಿ. ಹಿಡಿದ ಮೀನನ್ನು ಜೀವಂತ ಇಡುವ ಲೈವ್‌ವೆಲ್ ಪಂಪ್ ಸಾಮಾನ್ಯವಾಗಿ 2ರಿಂದ 5 ಆಂಪ್. ಬೇರೆ ಬೋಟುಗಳ, ದಡದವರ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೋ ಸುಮ್ನೆ ಕೇಳಿಸಿಕೊಳ್ಳುತ್ತಿದ್ದರೆ ಅರ್ಧ ಆಂಪಿನೊಳಗೆ, 25 ವಾಟ್‌ನಲ್ಲಿ ಮಾತಾಡುವಾಗ 5-6 ಆಂಪ್. ಆದರೆ ಮಾತಾಡುವುದು ಕೆಲವೇ ಕ್ಷಣ. ಎಲ್‌ಇಡಿ ನ್ಯಾವಿಗೇಷನ್ ಲೈಟುಗಳು ಎಲ್ಲಾ ಸೇರಿ ಅರ್ಧ ಆಂಪ್ ದಾಟುವುದು ಕಡಿಮೆ. ಫೋನ್ ಚಾರ್ಜ್ ಮಾಡಲು 1 ಆಂಪ್ ಅಂತ ಇಟ್ಟುಕೊಳ್ಳಿ.

ಈಗ 8 ಗಂಟೆಯ ಒಂದು ದಿನ ನೋಡಿ. 9 ಇಂಚಿನ ಫಿಶ್ ಫೈಂಡರ್ 2 ಆಂಪಿನಂತೆ ದಿನವಿಡೀ ಓಡಿದರೆ 16 ಆಂಪ್-ಅವರ್. ಲೈವ್‌ವೆಲ್ ಪಂಪ್ 3 ಆಂಪ್, ಟೈಮರ್ ಹಾಕಿ ಅರ್ಧ ಹೊತ್ತು ಓಡಿಸಿದರೆ 12. ಫೋನ್ ಚಾರ್ಜಿಂಗ್ ಮೂರು ಗಂಟೆ, 3. ಇಲ್ಲಿಗೆ 31 ಆಯಿತು. ರೇಡಿಯೋ 4, ಮುಂಜಾನೆ ಕತ್ತಲಲ್ಲಿ ಎರಡು ಗಂಟೆ ಲೈಟು 1. ಒಟ್ಟು 36 ಆಂಪ್-ಅವರ್.

ಸಾಮಾನುಗಳನ್ನು ಹೀಗೆ ಎರಡು ಗುಂಪಾಗಿ ಕೂಡಿಸಿದ್ದಕ್ಕೆ ಕಾರಣ ಇದೆ. ಫಿಶ್ ಫೈಂಡರ್, ಲೈವ್‌ವೆಲ್, ಫೋನ್ ಇವು ಮೀನು ಹಿಡಿಯಲು. ರೇಡಿಯೋ, ಲೈಟು ಇವು ನಿಮ್ಮ ಜೀವ ಕಾಯಲು. ಎರಡನೇ ಗುಂಪಿಗೆ ಕರೆಂಟ್ ಯಾವತ್ತೂ ತಪ್ಪಬಾರದು. ನಿಮ್ಮ ಕಾಗದದಲ್ಲೂ ಈ ಎರಡನ್ನು ಬೇರೆ ಬೇರೆಯಾಗಿ ಬರೆಯಿರಿ. ಮುಂದೆ ಬೇಕಾಗುತ್ತದೆ.

ಹಂತ 2: ಈಗಿರುವ ಬ್ಯಾಟರಿಗಳು ಯಾವ ಜಾತಿಯವು ಅಂತ ಗುರುತಿಸಿ

ಹೊರಗಿನಿಂದ ಎಲ್ಲಾ ಬ್ಯಾಟರಿಗಳೂ ಒಂದೇ ಥರದ ಡಬ್ಬಿ. ಒಳಗೆ ವ್ಯತ್ಯಾಸ ಇದೆ. ಎಂಜಿನ್ ಸ್ಟಾರ್ಟ್ ಮಾಡುವ ಲೆಡ್ ಆಸಿಡ್ ಬ್ಯಾಟರಿಯಲ್ಲಿ ತೆಳು ಪ್ಲೇಟುಗಳು ಜಾಸ್ತಿ ಇರುತ್ತವೆ. ಕೆಲವು ಸೆಕೆಂಡು ನೂರಾರು ಆಂಪ್ ಒಟ್ಟಿಗೆ ಕೊಡುವುದು ಅದರ ಕೆಲಸ. ಕೊಟ್ಟ ಕೂಡಲೇ ಎಂಜಿನ್ನಿನ ಆಲ್ಟರ್ನೇಟರ್ ಮತ್ತೆ ತುಂಬಿಸುತ್ತದೆ. ಹೀಗಾಗಿ ಅದು ದಿನವಿಡೀ ಹೆಚ್ಚು ಕಡಿಮೆ ತುಂಬಿಯೇ ಇರಬೇಕು. ಅದನ್ನು ಪದೇ ಪದೇ ಖಾಲಿ ಮಾಡಿದರೆ ತೆಳು ಪ್ಲೇಟುಗಳು ಬೇಗ ಹಾಳಾಗುತ್ತವೆ. ಇದರ ಲೇಬಲ್ ಮೇಲೆ ಎಂಸಿಎ ಅಥವಾ ಸಿಸಿಎ ಅಂತ ಇರುತ್ತದೆ. ಸಿಸಿಎ ಅಂದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ಸೆಕೆಂಡು ಎಷ್ಟು ಆಂಪ್ ಕೊಡಬಲ್ಲದು ಅನ್ನುವ ಲೆಕ್ಕ. ಎಂಸಿಎ ಅದೇ ಪರೀಕ್ಷೆ, 0 ಡಿಗ್ರಿಯಲ್ಲಿ.

ಡೀಪ್ ಸೈಕಲ್ ಬ್ಯಾಟರಿಯಲ್ಲಿ ಪ್ಲೇಟುಗಳು ದಪ್ಪ. ನಿಧಾನಕ್ಕೆ, ಗಂಟೆಗಟ್ಟಲೆ ಕರೆಂಟ್ ಕೊಡುವುದಕ್ಕೆ ಮಾಡಿದ್ದು. ಲೇಬಲ್ ಮೇಲೆ ಆಂಪ್-ಅವರ್ ಇರುತ್ತದೆ, ಸಾಮಾನ್ಯವಾಗಿ 20 ಗಂಟೆಯ ಲೆಕ್ಕದಲ್ಲಿ. ಅಂದರೆ 100 ಆಂಪ್-ಅವರ್ ಬ್ಯಾಟರಿ 5 ಆಂಪಿನಂತೆ 20 ಗಂಟೆ ಕೊಡುತ್ತದೆ. 50 ಆಂಪ್ ಎಳೆದರೆ ಎರಡು ಗಂಟೆ ಬರುತ್ತದೆ ಅಂತ ನಂಬಬೇಡಿ. ಲೆಡ್ ಆಸಿಡ್‌ನಲ್ಲಿ ಜೋರಾಗಿ ಎಳೆದಷ್ಟೂ ಸಿಗುವ ಒಟ್ಟು ಮೊತ್ತ ಕಡಿಮೆಯಾಗುತ್ತದೆ.

ಡ್ಯುಯಲ್ ಪರ್ಪಸ್ ಅಂತ ಇನ್ನೊಂದು ಇದೆ. ಸ್ಟಾರ್ಟಿಂಗೂ ಮಾಡುತ್ತದೆ, ಸ್ವಲ್ಪ ಖಾಲಿ ಆಗುವುದನ್ನೂ ತಾಳಿಕೊಳ್ಳುತ್ತದೆ. ಒಂದೇ ಬ್ಯಾಟರಿ ಇಡಲು ಜಾಗ ಇರುವ ಬೋಟಿಗೆ ಇದು ಒಳ್ಳೆಯದು.

ಹಂತ 3: ಟ್ರೋಲಿಂಗ್ ಮೋಟಾರ್ ಬ್ಯಾಟರಿಯನ್ನು ಪಟ್ಟಿಯಿಂದ ತೆಗೆದುಹಾಕಿ

ಇಲ್ಲಿ ಸ್ವಲ್ಪ ನಿಧಾನಿಸಿ ಓದಿ. ಬಹಳ ಜನ ತಪ್ಪುವುದು ಇಲ್ಲಿಯೇ. ಅವರ ವಾದವೂ ಕೇಳಲು ಸರಿಯಾಗಿಯೇ ಇದೆ. ಬೋಟಿನಲ್ಲಿ ದೊಡ್ಡ ಡೀಪ್ ಸೈಕಲ್ ಬ್ಯಾಟರಿ ಇರುವುದು ಟ್ರೋಲಿಂಗ್ ಮೋಟಾರಿಗೆ. 2 ಆಂಪಿನ ಫಿಶ್ ಫೈಂಡರ್ ಅದಕ್ಕೆ ಯಾವ ಲೆಕ್ಕ, ಅಲ್ವಾ?

ಆಂಪಿನ ಲೆಕ್ಕದಲ್ಲಿ ಅದು ಸರಿಯೇ. 12 ವೋಲ್ಟ್‌ನ, 55 ಪೌಂಡ್ ತಳ್ಳುವ ಶಕ್ತಿಯ ಮೋಟಾರ್ ಪೂರ್ತಿ ವೇಗದಲ್ಲಿ 50 ಆಂಪ್ ಎಳೆಯುತ್ತದೆ. ಅದರ ಮುಂದೆ 2 ಆಂಪ್ ಏನೂ ಅಲ್ಲ. ತೊಂದರೆ ಇರುವುದು ಬೇರೆ ಮೂರು ಕಡೆ.

ಮೊದಲನೆಯದು ಗಲಾಟೆ. ಈಗಿನ ಟ್ರೋಲಿಂಗ್ ಮೋಟಾರುಗಳು ವೇಗ ಕಡಿಮೆ ಮಾಡಲು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುತ್ತವೆ. ಅದೇ ಬ್ಯಾಟರಿಯಲ್ಲಿ ಫಿಶ್ ಫೈಂಡರ್ ಇದ್ದರೆ ಈ ಏರಿಳಿತ ವೈರಿನಲ್ಲಿ ನೇರವಾಗಿ ಅದರೊಳಗೆ ಬರುತ್ತದೆ. ಫಿಶ್ ಫೈಂಡರ್ ಕೇಳಿಸಿಕೊಳ್ಳುವುದು ನೀರಿನ ತಳದಿಂದ ಬರುವ ಬಹಳ ಕ್ಷೀಣವಾದ ಸದ್ದನ್ನು. ಈ ಗಲಾಟೆ ಅದರ ಮೇಲೆ ಕೂತರೆ ಸ್ಕ್ರೀನ್ ತುಂಬಾ ಚುಕ್ಕಿ, ಉದ್ದುದ್ದ ಗೆರೆ. ಸಣ್ಣ ಮೀನು ಯಾವುದು, ಗಲಾಟೆ ಯಾವುದು ಗೊತ್ತಾಗುವುದಿಲ್ಲ. ಅದರಲ್ಲೂ ಮೋಟಾರ್ ನಿಧಾನ ವೇಗದಲ್ಲಿದ್ದಾಗ ಇದು ಜಾಸ್ತಿ. ನಾವು ಗಾಳ ಹಾಕುವುದು ಆಗಲೇ. ಫಿಶ್ ಫೈಂಡರನ್ನು ಬೇರೆ ಬ್ಯಾಟರಿಗೆ ಹಾಕಿ ಅನ್ನುವ ಮಾತು ಟ್ರೋಲಿಂಗ್ ಮೋಟಾರಿನ ಕೈಪಿಡಿಗಳಲ್ಲೂ ಇರುತ್ತದೆ.

ಎರಡನೆಯದು ಅಸಮತೋಲನ. 24 ವೋಲ್ಟ್ ಮೋಟಾರಿಗೆ ಎರಡು, 36 ವೋಲ್ಟ್ ಮೋಟಾರಿಗೆ ಮೂರು 12 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಅದರಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆದರೆ ಆ ಬ್ಯಾಟರಿ ಉಳಿದವುಗಳಿಗಿಂತ ಬೇಗ ಖಾಲಿಯಾಗುತ್ತದೆ. ಆದರೂ ಮೋಟಾರ್ ಎಲ್ಲದರಿಂದಲೂ ಒಂದೇ ಸಮ ಎಳೆಯುತ್ತಲೇ ಇರುತ್ತದೆ. ಸೋತ ಬ್ಯಾಟರಿ ಇನ್ನಷ್ಟು ಸೋಲುತ್ತದೆ, ಕೊನೆಗೆ ಕೆಡುತ್ತದೆ. ಲಿಥಿಯಂ ಆದರೆ ಅದರೊಳಗಿನ ಬಿಎಂಎಸ್, ಅಂದರೆ ಬ್ಯಾಟರಿಯ ಕಾವಲು ಸರ್ಕ್ಯೂಟ್, ಆ ಒಂದನ್ನು ಆಫ್ ಮಾಡಿಬಿಡುತ್ತದೆ. ಸಾಲಿನಲ್ಲಿ ಒಂದು ಆಫ್ ಆದರೆ ಮೋಟಾರೇ ನಿಂತಿತು.

ಮೂರನೆಯದು ನಿಜವಾಗಿ ಅಪಾಯ. ಸಾಲು ಜೋಡಣೆಯಲ್ಲಿ ಎರಡನೇ ಬ್ಯಾಟರಿಯ ಮೈನಸ್ ಮೊದಲ ಬ್ಯಾಟರಿಯ ಪ್ಲಸ್‌ಗೆ ಸೇರಿರುತ್ತದೆ. ಅಂದರೆ ಆ ಮೈನಸ್ಸು ಮೊದಲ ಬ್ಯಾಟರಿಯ ಮೈನಸ್ಸಿಗಿಂತ 12 ವೋಲ್ಟ್ ಮೇಲಿದೆ. ನೀವು ಫಿಶ್ ಫೈಂಡರನ್ನು ಈ ಎರಡನೇ ಬ್ಯಾಟರಿಗೆ ಹಾಕಿದಿರಿ ಅಂತ ಇಟ್ಟುಕೊಳ್ಳಿ. ಅದರ ಕಪ್ಪು ವೈರು ನೆಟ್‌ವರ್ಕ್ ಕೇಬಲ್ ಮೂಲಕವೋ ಇನ್ನೊಂದು ಸಾಮಾನಿನ ಮೂಲಕವೋ ಎಂಜಿನ್ನಿನ ಮೈನಸ್ಸಿಗೂ ಸೇರಿದೆ. ಟ್ರೋಲಿಂಗ್ ಬ್ಯಾಟರಿಗಳ ಮೈನಸ್ಸೂ ಎಲ್ಲೋ ಒಂದು ಕಡೆ ಎಂಜಿನ್ ಮೈನಸ್ಸಿಗೆ ಸೇರಿದ್ದರೆ, ಮೊದಲ ಬ್ಯಾಟರಿ ಪೂರ್ತಿ ಶಾರ್ಟ್ ಆಗುತ್ತದೆ. ಅಷ್ಟೂ ಕರೆಂಟ್ ಹರಿಯುವುದು ಫಿಶ್ ಫೈಂಡರಿನ ಆ ಸಣ್ಣ ಕಪ್ಪು ವೈರಿನಲ್ಲಿ. ವೈರ್ ಸುಡುತ್ತದೆ. ಫ್ಯೂಸ್ ಕೆಂಪು ವೈರಿನಲ್ಲಿ ಇರುವುದರಿಂದ ಅದು ಕಾಪಾಡುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಇರುವ ಬೋಟಿನಲ್ಲಿ ಇಂಥದಕ್ಕೆ ಅವಕಾಶವನ್ನೇ ಕೊಡಬಾರದು.

ಕಯಾಕ್ ಅಥವಾ ಸಣ್ಣ ದೋಣಿಯಲ್ಲಿ ಎಂಜಿನ್ನೇ ಇಲ್ಲ, ಒಂದೇ 12 ವೋಲ್ಟ್ ಬ್ಯಾಟರಿಯಲ್ಲಿ ಟ್ರೋಲಿಂಗ್ ಮೋಟಾರ್ ಓಡುತ್ತದೆ ಅಂದರೆ ಆಗ ಎರಡನೆಯ, ಮೂರನೆಯ ತೊಂದರೆ ಇಲ್ಲ. ಗಲಾಟೆ ಮಾತ್ರ ಉಳಿಯುತ್ತದೆ. ಅಲ್ಲೂ ನಾನು ಹೇಳುವುದು, ಫಿಶ್ ಫೈಂಡರಿಗೆ 10ರಿಂದ 20 ಆಂಪ್-ಅವರ್‌ನ ಪುಟ್ಟ ಲಿಥಿಯಂ ಬ್ಯಾಟರಿ ಬೇರೆ ಇಡಿ. ಒಂದೆರಡು ಕಿಲೋ ತೂಕ, ಒಂದು ದಿನಕ್ಕೆ ಧಾರಾಳ. ನಿಮ್ಮ ದೋಣಿ ಇಂಥದ್ದೇ ಆದರೆ ಹಂತ 4 ಮತ್ತು 6 ಬಿಟ್ಟು ಓದಿ.

ಹಂತ 4: ಸ್ಟಾರ್ಟಿಂಗ್ ಬ್ಯಾಟರಿ ಇಷ್ಟು ಹೊರೆ ತಾಳುತ್ತದೆಯೇ ನೋಡಿ

ಈ ಬ್ಯಾಟರಿಯ ಮೊದಲ ಕೆಲಸ ನಿಮ್ಮನ್ನು ಮನೆಗೆ ಮುಟ್ಟಿಸುವುದು. ಆ ಕೆಲಸಕ್ಕೆ ಬೇಕಾದಷ್ಟನ್ನು ಮುಟ್ಟದೆ ಉಳಿದದ್ದರಲ್ಲಿ ಮಾತ್ರ ಸಾಮಾನುಗಳನ್ನು ನಡೆಸಬೇಕು.

ಎಷ್ಟು ಉಳಿಯುತ್ತದೆ? ಬ್ಯಾಟರಿ ಮೇಲೆ ರಿಸರ್ವ್ ಕೆಪಾಸಿಟಿ ಅಂತ ನಿಮಿಷಗಳಲ್ಲಿ ಒಂದು ಸಂಖ್ಯೆ ಇರುತ್ತದೆ. 25 ಆಂಪ್ ಎಳೆಯುತ್ತಿದ್ದರೆ ವೋಲ್ಟೇಜು 10.5ಕ್ಕೆ ಇಳಿಯುವವರೆಗೆ ಎಷ್ಟು ನಿಮಿಷ ಬರುತ್ತದೆ ಅನ್ನುವುದು ಅದರ ಅರ್ಥ. ಆ ಸಂಖ್ಯೆಯನ್ನು 25ರಿಂದ ಗುಣಿಸಿ 60ರಿಂದ ಭಾಗಿಸಿದರೆ ಆಂಪ್-ಅವರ್ ಬರುತ್ತದೆ. ಉದಾಹರಣೆಗೆ 120 ನಿಮಿಷ ಅಂತ ಇದ್ದರೆ 50 ಆಂಪ್-ಅವರ್. ನಾನು ಅದರಲ್ಲಿ ಕಾಲು ಭಾಗ ಮಾತ್ರ ಸಾಮಾನುಗಳಿಗೆ ಅಂತ ಇಟ್ಟುಕೊಳ್ಳಿ ಅನ್ನುತ್ತೇನೆ. ಅಂದರೆ ಇಲ್ಲಿ 12 ಆಂಪ್-ಅವರ್. ಕೆಲವರು ಅರ್ಧದವರೆಗೂ ಹೋಗುತ್ತಾರೆ. ಬ್ಯಾಟರಿ ಹೊಸದಾಗಿದ್ದರೆ ನಡೆಯಬಹುದು. ಆದರೆ ಹಳೆಯ ಬ್ಯಾಟರಿಯಲ್ಲಿ ಲೇಬಲ್ಲಿನ ಸಂಖ್ಯೆ ಉಳಿದಿರುವುದಿಲ್ಲ. ಚಳಿ ಇದ್ದರೆ ಇನ್ನೂ ಕಡಿಮೆ. ಕಾಲು ಭಾಗದ ಲೆಕ್ಕ ಇಂಥ ದಿನಗಳನ್ನೂ ದಾಟಿಸುತ್ತದೆ.

7 ಇಂಚಿನ ಒಂದು ಫಿಶ್ ಫೈಂಡರ್, ಎಲ್‌ಇಡಿ ಲೈಟುಗಳು, ಇಷ್ಟೇ ಇದ್ದರೆ ದಿನಕ್ಕೆ 9-10 ಆಂಪ್-ಅವರ್. ಸ್ಟಾರ್ಟಿಂಗ್ ಬ್ಯಾಟರಿ ಸಾಕು. ಇನ್ನೊಂದು ಬ್ಯಾಟರಿಗೆ ದುಡ್ಡು ಹಾಕಬೇಡಿ. ನಮ್ಮ ಉದಾಹರಣೆಯ 36 ಆಂಪ್-ಅವರ್ ಮಾತ್ರ ಇಲ್ಲಿ ಹಿಡಿಸುವುದಿಲ್ಲ.

ಎಂಜಿನ್ ಓಡುವಾಗ ಚಾರ್ಜ್ ಆಗುತ್ತದಲ್ಲ ಅಂತ ನೀವು ಕೇಳಬಹುದು. ಆಗುತ್ತದೆ, ಆದರೆ ಅಂದುಕೊಂಡಷ್ಟು ಅಲ್ಲ. ಸಣ್ಣ ಔಟ್‌ಬೋರ್ಡ್ ಎಂಜಿನ್ನುಗಳ ಚಾರ್ಜಿಂಗ್ 6ರಿಂದ 10 ಆಂಪ್ ಮಾತ್ರ. ದೊಡ್ಡವು 40-60 ಆಂಪ್ ಕೊಟ್ಟರೂ ಅದು ಜೋರಾಗಿ ಓಡುವಾಗ. ಐಡಲ್‌ನಲ್ಲಿ ಅದರ ಸಣ್ಣ ಪಾಲು. ಜಾಗದಿಂದ ಜಾಗಕ್ಕೆ ಐದು ನಿಮಿಷ ಓಡಿಸಿ ನಿಲ್ಲಿಸುವ ಗಾಳದ ದಿನದಲ್ಲಿ ಬ್ಯಾಟರಿಗೆ ವಾಪಸ್ ಸಿಗುವುದು ಸ್ವಲ್ಪವೇ. ಹತ್ತು ಸಲ ಸ್ಟಾರ್ಟ್ ಮಾಡಿದ್ದಕ್ಕೂ ಅದರಲ್ಲೇ ಖರ್ಚು.

ಸ್ಟಾರ್ಟಿಂಗ್ ಬ್ಯಾಟರಿಯ ಇನ್ನೊಂದು ತೊಂದರೆ ವೋಲ್ಟೇಜ್ ಕುಸಿತ. ಎಂಜಿನ್ ತಿರುಗಿಸುವ ಒಂದೆರಡು ಸೆಕೆಂಡು ಬ್ಯಾಟರಿಯ ವೋಲ್ಟೇಜು 10ರ ಹತ್ತಿರಕ್ಕೆ, ಕೆಲವು ಸಲ ಅದಕ್ಕೂ ಕೆಳಗೆ ಬೀಳುತ್ತದೆ. ಬಹಳಷ್ಟು ಫಿಶ್ ಫೈಂಡರುಗಳು ಸುಮಾರು 10 ವೋಲ್ಟಿಗೆ ಕೆಳಗೆ ಆಫ್ ಆಗುತ್ತವೆ. ಒಳ್ಳೆಯ ಬ್ಯಾಟರಿಯಲ್ಲಿ ಹೀಗಾಗಬಾರದು. ಆಗುತ್ತಿದ್ದರೆ ಮೊದಲು ಟರ್ಮಿನಲ್ ಬಿಗಿ ಇದೆಯಾ, ತುಕ್ಕು ಹಿಡಿದಿದೆಯಾ ನೋಡಿ. ಎಲ್ಲಾ ಸರಿ ಇದ್ದೂ ಆಫ್ ಆದರೆ ಬ್ಯಾಟರಿ ಮುದಿಯಾಗಿದೆ ಅಂತ ಅರ್ಥ. ಇದೊಂದು ಒಳ್ಳೆಯ ಮುನ್ಸೂಚನೆ. ಸ್ಕ್ರೀನ್ ಮಿನುಗಿದ್ದನ್ನು ಅಲಕ್ಷ್ಯ ಮಾಡಬೇಡಿ.

ಹಂತ 5: ಬೇರೆ ಬ್ಯಾಟರಿ ಬೇಕಾದರೆ ಅದರ ಅಳತೆ, ಜಾತಿ ಆರಿಸಿ

ಈಗ ಆ ಎರಡು ಗುಂಪು ನೆನಪಿಸಿಕೊಳ್ಳಿ. ಮೀನು ಹಿಡಿಯುವ ಸಾಮಾನುಗಳದ್ದು 31 ಆಂಪ್-ಅವರ್. ಅದಕ್ಕೆ ಕಾಲು ಭಾಗ ಸೇರಿಸಿ. ಮೋಡ ಮುಸುಕಿದ ದಿನಕ್ಕೂ ಬಿಸಿಲಿನ ದಿನಕ್ಕೂ ಸ್ಕ್ರೀನ್ ಬೆಳಕು ಬೇರೆ ಇರುತ್ತದೆ. ಮೀನು ಸಿಗುತ್ತಿದ್ದರೆ ದಿನವೂ ಉದ್ದವಾಗುತ್ತದೆ. ಒಟ್ಟು 39 ಆಯಿತು.

ಲೆಡ್ ಆಸಿಡ್ ಡೀಪ್ ಸೈಕಲ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡದಿದ್ದರೆ ಬಾಳಿಕೆ ಚೆನ್ನಾಗಿರುತ್ತದೆ. ಹಾಗಾಗಿ 39ರ ದುಪ್ಪಟ್ಟು, ಅಂದರೆ 80 ಆಂಪ್-ಅವರ್ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ. 80ರಷ್ಟು ಧೈರ್ಯವಾಗಿ ಬಳಸಬಹುದು. ಹಾಗಾಗಿ 50 ಆಂಪ್-ಅವರ್ ಸಾಕು. 12 ಇಂಚಿನ ಎರಡು ಸ್ಕ್ರೀನ್, ಜೊತೆಗೆ ಲೈವ್ ಸೋನಾರ್ ಇರುವ ಬೋಟಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ 9-10 ಆಂಪ್ ಹೋಗುತ್ತದೆ, 8 ಗಂಟೆಗೆ 75-80 ಆಂಪ್-ಅವರ್. ಅದಕ್ಕೆ ಲೆಡ್ ಆಸಿಡ್ ಆದರೆ 200 ಬೇಕು, ಲಿಥಿಯಂ ಆದರೆ 120ರ ಆಸುಪಾಸು.

ತೂಕವನ್ನೂ ನೋಡಿ. 100 ಆಂಪ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ 25ರಿಂದ 30 ಕಿಲೋ ತೂಗುತ್ತದೆ. ಅಷ್ಟೇ ಅಳತೆಯ ಲಿಥಿಯಂ 10ರಿಂದ 13 ಕಿಲೋ. ಸಣ್ಣ ಬೋಟಿನಲ್ಲಿ ಒಂದೇ ಬದಿಗೆ 30 ಕಿಲೋ ಇಟ್ಟರೆ ವಾಲುವುದು ಕಣ್ಣಿಗೇ ಕಾಣುತ್ತದೆ.

ಲಿಥಿಯಂನ ಇನ್ನೊಂದು ಒಳ್ಳೆಯ ಗುಣ, ಖಾಲಿಯಾಗುತ್ತಾ ಬಂದರೂ ವೋಲ್ಟೇಜು 13ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಫಿಶ್ ಫೈಂಡರಿಗೆ ಇದು ಬಹಳ ಹಿತ. ಆದರೆ ಇದೇ ಕಾರಣಕ್ಕೆ ವೋಲ್ಟೇಜು ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಎಲ್ಲಾ ಚೆನ್ನಾಗಿದೆ ಅಂದುಕೊಂಡಿರುವಾಗಲೇ ಬಿಎಂಎಸ್ ಒಮ್ಮೆಲೇ ಆಫ್ ಮಾಡುತ್ತದೆ. ಹಾಗಾಗಿ ಆಂಪ್-ಅವರ್ ಎಣಿಸುವ ಶಂಟ್ ಮೀಟರ್ ಅಥವಾ ಫೋನಿನಲ್ಲಿ ಲೆಕ್ಕ ತೋರಿಸುವ ಬ್ಯಾಟರಿ ತೆಗೆದುಕೊಳ್ಳಿ. 0 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು ಅನ್ನುವುದೂ ನೆನಪಿರಲಿ.

ಲೆಡ್ ಆಸಿಡ್‌ನಲ್ಲೇ ಎಜಿಎಂ ಅನ್ನುವ ಬಗೆ ಇದೆ. ಆಸಿಡ್ ಚೆಲ್ಲುವುದಿಲ್ಲ, ನೀರು ತುಂಬಿಸುವ ಕೆಲಸ ಇಲ್ಲ, ಕುಲುಕಾಟ ತಾಳುತ್ತದೆ. ಬೋಟಿಗೆ ಸಾದಾ ಬ್ಯಾಟರಿಗಿಂತ ಇದು ಮೇಲು. ವರ್ಷಕ್ಕೆ ಕೆಲವೇ ಸಲ ನೀರಿಗಿಳಿಯುವವರಿಗೆ ಎಜಿಎಂ ಸಾಕು. ವಾರವಾರ ಹೋಗುವವರಿಗೆ ಲಿಥಿಯಂ ಮೇಲೆ ಹಾಕಿದ ಹಣ ವಾಪಸ್ ಬರುತ್ತದೆ. ಲೆಡ್ ಆಸಿಡ್ ಕೆಲವು ನೂರು ಸಲ ಖಾಲಿ-ತುಂಬು ಆದರೆ ಮುಗಿಯಿತು, ಲಿಥಿಯಂ ಸಾವಿರಾರು ಸಲ ತಾಳುತ್ತದೆ.

ಹಂತ 6: ಹೊಸ ಬ್ಯಾಟರಿ ಹೇಗೆ ಚಾರ್ಜ್ ಆಗುತ್ತದೆ ಅಂತ ಕೊಳ್ಳುವ ಮೊದಲೇ ತೀರ್ಮಾನಿಸಿ

ತುಂಬಾ ಸರಳವಾದ ದಾರಿ ಎಂದರೆ ಅದನ್ನು ಬೇರೆ ಯಾವುದಕ್ಕೂ ಸೇರಿಸದೆ ಇಡುವುದು. ದಡಕ್ಕೆ ಬಂದ ಮೇಲೆ ಚಾರ್ಜರ್ ಹಾಕುವುದು. ಒಂದು ದಿನಕ್ಕೆ ಸಾಕಾಗುವಷ್ಟು ದೊಡ್ಡ ಬ್ಯಾಟರಿ ಇದ್ದರೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಎಂಜಿನ್ನಿನ ಗಲಾಟೆಯೂ ಬರುವುದಿಲ್ಲ, ಮೋಟಾರಿನದ್ದೂ ಬರುವುದಿಲ್ಲ. ಸೋನಾರ್ ಚಿತ್ರ ಶುದ್ಧವಾಗಿರುತ್ತದೆ. ನನಗೆ ಇಷ್ಟವಾದ ದಾರಿ ಇದೇ.

ಎಂಜಿನ್ನಿನಿಂದಲೂ ಚಾರ್ಜ್ ಆಗಬೇಕು ಅಂದರೆ, ಎರಡೂ ಲೆಡ್ ಆಸಿಡ್ ಆಗಿದ್ದಾಗ ವೋಲ್ಟೇಜು ನೋಡಿ ತಾನೇ ಜೋಡಿಸುವ ರಿಲೇ ಹಾಕಬಹುದು. ಎಂಜಿನ್ ಓಡಿ ವೋಲ್ಟೇಜು ಸುಮಾರು 13.3 ದಾಟಿದಾಗ ಅದು ಎರಡು ಬ್ಯಾಟರಿಗಳನ್ನೂ ಸೇರಿಸುತ್ತದೆ. ಎಂಜಿನ್ ನಿಂತು 12.8ರ ಹತ್ತಿರ ಬಂದಾಗ ಬೇರೆ ಮಾಡುತ್ತದೆ. ಫಿಶ್ ಫೈಂಡರ್ ಎಷ್ಟು ಎಳೆದರೂ ಸ್ಟಾರ್ಟಿಂಗ್ ಬ್ಯಾಟರಿ ಹಾಗೇ ಇರುತ್ತದೆ. ಕೈಯಿಂದ ತಿರುಗಿಸುವ ಬ್ಯಾಟರಿ ಸ್ವಿಚ್‌ನಲ್ಲೂ ಇದನ್ನು ಮಾಡಬಹುದು. ಆದರೆ ಅದನ್ನು ಸರಿಯಾದ ಹೊತ್ತಿಗೆ ತಿರುಗಿಸಲು ಮರೆತರೆ ಎರಡೂ ಖಾಲಿ.

ಒಂದು ಲೆಡ್ ಆಸಿಡ್, ಇನ್ನೊಂದು ಲಿಥಿಯಂ ಇದ್ದರೆ ರಿಲೇ ಬೇಡ. ಮಧ್ಯೆ ಡಿಸಿ-ಡಿಸಿ ಚಾರ್ಜರ್ ಹಾಕಿ. ಖಾಲಿ ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಕರೆಂಟನ್ನು ಎಳೆದುಕೊಳ್ಳುತ್ತದೆ. ಸಣ್ಣ ಆಲ್ಟರ್ನೇಟರ್ ಆ ಹೊರೆಗೆ ಬಿಸಿಯಾಗಿ ಸುಟ್ಟುಹೋಗಬಹುದು. ಡಿಸಿ-ಡಿಸಿ ಚಾರ್ಜರ್ ಈ ಎಳೆತಕ್ಕೆ ಮಿತಿ ಹಾಕುತ್ತದೆ.

ಇನ್ನೊಂದು ಮಾತು. ಎಂಜಿನ್ ಬ್ಯಾಟರಿ ಸತ್ತರೆ ಈ ಲಿಥಿಯಂ ಬ್ಯಾಟರಿಯಿಂದ ಸ್ಟಾರ್ಟ್ ಮಾಡೋಣ ಅಂದುಕೊಳ್ಳಬೇಡಿ. 50 ಆಂಪ್-ಅವರ್ ಲಿಥಿಯಂನ ಬಿಎಂಎಸ್ ಅಷ್ಟು ಕರೆಂಟ್ ಬಿಡುವುದಿಲ್ಲ, ಆಫ್ ಆಗುತ್ತದೆ. ತುರ್ತಿಗೆ ಕೈಯಲ್ಲಿ ಹಿಡಿಯುವಂಥ ಜಂಪ್ ಸ್ಟಾರ್ಟರ್ ಒಂದು ಬೋಟಿನಲ್ಲಿರಲಿ. ಎಂಜಿನ್ನಿಗೇ ಲಿಥಿಯಂ ಸ್ಟಾರ್ಟಿಂಗ್ ಬ್ಯಾಟರಿ ಹಾಕುವ ಯೋಚನೆ ಇದ್ದರೆ ಎಂಜಿನ್ ಕೈಪಿಡಿ ಒಪ್ಪುತ್ತದೆಯೇ ಅಂತ ಮೊದಲು ಓದಿ.

ಹಂತ 7: ಯಾವ ಸಾಮಾನು ಯಾವ ಬ್ಯಾಟರಿಗೆ ಅಂತ ಹಂಚಿ

ಫಿಶ್ ಫೈಂಡರ್, ಲೈವ್ ಸೋನಾರ್, ಲೈವ್‌ವೆಲ್, ಫೋನ್ ಚಾರ್ಜರ್, ಹಾಡು ಕೇಳುವ ಸ್ಪೀಕರ್, ಎಲ್ಲಾ ಹೊಸ ಬ್ಯಾಟರಿಗೆ. ರೇಡಿಯೋ ಮತ್ತು ನ್ಯಾವಿಗೇಷನ್ ಲೈಟುಗಳನ್ನು ನಾನು ಸ್ಟಾರ್ಟಿಂಗ್ ಬ್ಯಾಟರಿಯಲ್ಲೇ ಬಿಡುತ್ತೇನೆ. ಅವು ಎಳೆಯುವುದು ಕಡಿಮೆ. ದಿನದ ಕೊನೆಗೆ ತುಂಬಿರುವ ಭರವಸೆ ಇರುವುದು ಆ ಬ್ಯಾಟರಿ ಮಾತ್ರ.

ಬೋಟಿನ ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ವಿಷಯ ಬೇರೆ. ಅದು ಫ್ಲೋಟ್ ಸ್ವಿಚ್ (ನೀರು ಏರಿದಾಗ ತಾನೇ ಆನ್ ಆಗುವ ಸ್ವಿಚ್) ಮೂಲಕ, ತನ್ನದೇ ಫ್ಯೂಸ್ ಇಟ್ಟುಕೊಂಡು, ನೇರವಾಗಿ ಬ್ಯಾಟರಿಗೆ ಹೋಗಬೇಕು. ಮೇನ್ ಸ್ವಿಚ್ ಆಫ್ ಮಾಡಿದರೂ ಅದು ಓಡಬೇಕು. ಟ್ರೇಲರ್ ಮೇಲೆ ಮನೆಗೆ ಬರುವ ಬೋಟಿಗೆ ಸ್ಟಾರ್ಟಿಂಗ್ ಬ್ಯಾಟರಿ ಸಾಕು. ರಾತ್ರಿಯೂ ನೀರಲ್ಲೇ ನಿಲ್ಲುವ ಬೋಟಾದರೆ ಯಾವುದು ದೊಡ್ಡದೋ, ಯಾವುದನ್ನು ಪ್ರತಿ ಸಲ ಬಂದ ಕೂಡಲೇ ಚಾರ್ಜ್ ಮಾಡುತ್ತೀರೋ ಅದಕ್ಕೆ ಹಾಕಿ.

ಹಂತ 8: ವೈರು, ಫ್ಯೂಸು

ಸರಿಯಾದ ಬ್ಯಾಟರಿ ಆರಿಸಿಯೂ ತೆಳು ವೈರಿನಿಂದ ಎಲ್ಲವನ್ನೂ ಕಳೆದುಕೊಳ್ಳುವವರು ಇದ್ದಾರೆ. ಬ್ಯಾಟರಿ ಹಿಂದೆ, ಸ್ಕ್ರೀನ್ ಮುಂದೆ, ನಡುವೆ 4 ಮೀಟರ್ ಅಂತ ಇಟ್ಟುಕೊಳ್ಳಿ. ಕರೆಂಟು ಹೋಗಿ ಬರಬೇಕು, ಹಾಗಾಗಿ 8 ಮೀಟರ್ ವೈರು. 1.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 5 ಆಂಪ್ ಹರಿದರೆ ದಾರಿಯಲ್ಲೇ ಅರ್ಧ ವೋಲ್ಟಿನಷ್ಟು ಹೋಗುತ್ತದೆ. ಅದು ಸುಮಾರು ಶೇ. 4. ವೈರು 2.5 ಚದರ ಮಿ.ಮೀ. ಆದರೆ ಶೇ. 2.3. ಬೋಟುಗಳ ಸುರಕ್ಷತೆಗೆ ಮಾನದಂಡ ಮಾಡುವ ಅಮೆರಿಕದ ಎಬಿವೈಸಿ ಸಂಸ್ಥೆಯ ಇ-11 ಮಾನದಂಡ ನ್ಯಾವಿಗೇಷನ್ ಲೈಟಿನಂಥ ಮುಖ್ಯ ಸಾಮಾನುಗಳಿಗೆ ಶೇ. 3ಕ್ಕಿಂತ ಜಾಸ್ತಿ ಕುಸಿತ ಇರಬಾರದು ಅನ್ನುತ್ತದೆ. ಫಿಶ್ ಫೈಂಡರಿಗೂ ಅದನ್ನೇ ಪಾಲಿಸಿ. ತವರ ಲೇಪಿಸಿದ ತಾಮ್ರದ ವೈರು ತೆಗೆದುಕೊಳ್ಳಿ. ಸಾದಾ ತಾಮ್ರ ನೀರಿನ ತೇವಕ್ಕೆ ಒಳಗಿಂದೊಳಗೇ ಕಪ್ಪಾಗುತ್ತದೆ.

ಫ್ಯೂಸನ್ನು ಪ್ಲಸ್ ವೈರಿನಲ್ಲಿ, ಬ್ಯಾಟರಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಹಾಕಿ. ಅದೇ ಮಾನದಂಡ ಸಾಮಾನ್ಯವಾಗಿ 7 ಇಂಚಿನೊಳಗೆ, ಅಂದರೆ ಸುಮಾರು 18 ಸೆಂ.ಮೀ. ಒಳಗೆ ಅನ್ನುತ್ತದೆ. ಸ್ಕ್ರೀನ್ ಪಕ್ಕ ಫ್ಯೂಸ್ ಹಾಕಿದರೆ ಮಧ್ಯದ ವೈರಿಗೆ ಕಾವಲೇ ಇರುವುದಿಲ್ಲ. ಒಂದೊಂದು ಸಾಮಾನಿಗೂ ಬೇರೆ ಫ್ಯೂಸ್, ಕೈಪಿಡಿ ಹೇಳಿದ ಆಂಪಿನದ್ದೇ. ಪದೇ ಪದೇ ಹೋಗುತ್ತದೆ ಅಂತ ದೊಡ್ಡದು ಹಾಕಬೇಡಿ, ಯಾಕೆ ಹೋಗುತ್ತಿದೆ ಅಂತ ಹುಡುಕಿ.

ಬ್ಯಾಟರಿ ಟರ್ಮಿನಲ್ ಮೇಲೆ ಆರೇಳು ವೈರುಗಳನ್ನು ಒಂದರ ಮೇಲೊಂದು ಹೇರಬೇಡಿ. ಒಂದು ದಪ್ಪ ವೈರನ್ನು ಫ್ಯೂಸ್ ಪೆಟ್ಟಿಗೆಗೆ ಎಳೆದು ಅಲ್ಲಿಂದ ಹಂಚಿ. ಫಿಶ್ ಫೈಂಡರಿನ ವೈರು ಮತ್ತು ಸೋನಾರ್ ಕೇಬಲನ್ನು ಟ್ರೋಲಿಂಗ್ ಮೋಟಾರಿನ ದಪ್ಪ ವೈರಿನ ಜೊತೆ ಕಟ್ಟಬೇಡಿ. ಬ್ಯಾಟರಿ ಬೇರೆ ಮಾಡಿಯೂ ಗಲಾಟೆ ಹೋಗದಿದ್ದರೆ ಕಾರಣ ಬಹಳ ಸಲ ಇದೇ. ಬ್ಯಾಟರಿಯನ್ನು ಪಟ್ಟಿ ಹಾಕಿ ಬಿಗಿಯಿರಿ, ಟರ್ಮಿನಲ್ ಮೇಲೆ ರಬ್ಬರ್ ಟೋಪಿ ಹಾಕಿ. ಸಾದಾ ಲೆಡ್ ಆಸಿಡ್ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಆ ಜಾಗಕ್ಕೆ ಗಾಳಿ ಆಡಬೇಕು.

ಹಂತ 9: ನೀರಿಗಿಳಿದು ಪರೀಕ್ಷಿಸಿ

ಮೊದಲ ದಿನ ದಡದ ಹತ್ತಿರವೇ ಇರಿ. ಫಿಶ್ ಫೈಂಡರ್ ಆನ್ ಮಾಡಿ, ಬೇರೆಲ್ಲಾ ಆಫ್ ಇರಲಿ. ಚಿತ್ರ ನೋಡಿಕೊಳ್ಳಿ. ಆಮೇಲೆ ಟ್ರೋಲಿಂಗ್ ಮೋಟಾರನ್ನು ನಿಧಾನ ವೇಗದಲ್ಲಿ ಓಡಿಸಿ. ಗೆರೆಗಳು ಹೊಸದಾಗಿ ಬಂದವಾ? ಬಂದರೆ ವೈರುಗಳ ದಾರಿ ಬದಲಿಸಿ. ಲೈವ್‌ವೆಲ್ ಪಂಪ್ ಆನ್ ಮಾಡಿ ಮತ್ತೆ ನೋಡಿ. ಕೊನೆಗೆ ಎಂಜಿನ್ ಸ್ಟಾರ್ಟ್ ಮಾಡಿ. ಹೆಚ್ಚಿನ ಫಿಶ್ ಫೈಂಡರುಗಳು ತಮಗೆ ಬರುವ ವೋಲ್ಟೇಜನ್ನು ಸ್ಕ್ರೀನ್ ಮೇಲೆ ತೋರಿಸುತ್ತವೆ, ಅದನ್ನು ಆನ್ ಮಾಡಿಟ್ಟುಕೊಳ್ಳಿ. ಅದೇ ಹೊತ್ತಿಗೆ ಬ್ಯಾಟರಿ ಟರ್ಮಿನಲ್ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿದರೆ ವೈರಿನಲ್ಲಿ ಎಷ್ಟು ಹೋಗುತ್ತಿದೆ ಅಂತಲೂ ಗೊತ್ತಾಗುತ್ತದೆ.

ಮೊದಲ ಕೆಲವು ಸಲ ವಾಪಸ್ ಬಂದ ಮೇಲೆ ಎಲ್ಲಾ ಆಫ್ ಮಾಡಿ, ಕೆಲವು ಗಂಟೆ ಬಿಟ್ಟು, ಚಾರ್ಜರ್ ಹಾಕುವ ಮೊದಲು ಬ್ಯಾಟರಿ ವೋಲ್ಟೇಜು ಬರೆದಿಡಿ. ಲೆಡ್ ಆಸಿಡ್ ಆದರೆ 12.6-12.7 ಪೂರ್ತಿ ತುಂಬಿದ್ದು, 12.4 ಮುಕ್ಕಾಲು, 12.2 ಅರ್ಧ, 12.0 ಕಾಲು. ಎಜಿಎಂನಲ್ಲಿ ಸ್ವಲ್ಪ ಮೇಲಿರುತ್ತದೆ. ಸ್ಟಾರ್ಟಿಂಗ್ ಬ್ಯಾಟರಿ 12.4ಕ್ಕಿಂತ ಕೆಳಗೆ ಬಂದಿದ್ದರೆ ಹೊರೆ ಜಾಸ್ತಿಯಾಗಿದೆ, ಒಂದು ಸಾಮಾನನ್ನು ಹೊಸ ಬ್ಯಾಟರಿಗೆ ಸರಿಸಿ. ಹೊಸ ಬ್ಯಾಟರಿ 12.2ಕ್ಕಿಂತ ಕೆಳಗೆ ಹೋಗಿದ್ದರೆ ಸ್ಕ್ರೀನ್ ಬೆಳಕು ತಗ್ಗಿಸಿ, ಲೈವ್‌ವೆಲ್ ಟೈಮರ್‌ನ ಬಿಡುವು ಹೆಚ್ಚಿಸಿ ಇನ್ನೊಮ್ಮೆ ನೋಡಿ. ಆಗಲೂ ಇಳಿದರೆ ಅಳತೆ ಸಾಲದು. ಲಿಥಿಯಂ ಆದರೆ ಮೀಟರಿನಲ್ಲಿ ಶೇ. 20ಕ್ಕಿಂತ ಜಾಸ್ತಿ ಉಳಿದಿರಬೇಕು. ಆ ಪುಟವನ್ನು ಜೋಪಾನವಾಗಿಡಿ. ಮುಂದಿನ ವರ್ಷ ಅಷ್ಟೇ ಕೆಲಸಕ್ಕೆ ವೋಲ್ಟೇಜು ಹೆಚ್ಚು ಇಳಿಯುತ್ತಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂತು ಅಂತ ನೀರಿಗೆ ಇಳಿಯುವ ಮೊದಲೇ ತಿಳಿಯುತ್ತದೆ.